ಖಾರ ಹುಡುಕಿಕೊಂಡು ಹೋದ ಕತೆ

ಬಸವನಗುಡಿಯವರಿಗೆ ಖಾರ ಅಂದ್ರೆ ಏನು ಅಂತ ಸರಿಯಾಗಿ ಗೊತ್ತಿಲ್ಲ. ಹೀಗಂದ್ರೆ ನಮ್ಮ ಏರಿಯಾದವರು ಜಗಳಕ್ಕೆ ಬರ್ತಾರೆ, ಆದರೂ ಹೇಳ್ತೀನಿ. ನಮ್ಮ ಸಾರಿಗೆ ಬೆಲ್ಲ, ಹುಳಿಗೆ ಬೆಲ್ಲ, ಗೊಜ್ಜಿಗಂತೂ ಕೇಳೋದೇ ಬೇಡ. ಖಾರಾಭಾತ್ ಅಂತ ಹೆಸರಿಟ್ಟಿದ್ದೀವಿ, ಅದರಲ್ಲಿ ಖಾರವನ್ನ ದುರ್ಬೀನು ಹಾಕಿ ಹುಡುಕಬೇಕು. ಅಷ್ಟೂ ತಡೆಯಲಾರದೆ ಪಕ್ಕದಲ್ಲೇ ಒಂದು ಗುಡ್ಡೆ ಕೇಸರಿಭಾತ್ ಬೇರೆ!

ನನಗೆ ಈ ಜ್ಞಾನೋದಯ ಆಗಿದ್ದು ಸುರಬಾಯಾದಲ್ಲಿ. 2009ರಿಂದ 2011ರ ತನಕ ಕಂಪನಿ ಕೆಲಸದ ಮೇಲೆ ಇಂಡೋನೇಷ್ಯಾದ ಆ ಊರಲ್ಲಿದ್ದೆ. ಜಾವಾ ದ್ವೀಪದ ಪೂರ್ವ ಭಾಗ, ಸಮುದ್ರದ ಪಕ್ಕದ ಊರು, ನಮ್ಮ ಮಂಗಳೂರಿನ ಹಾಗೆ ಸೆಕೆ. ಅಲ್ಲಿಯವರು ತಮಾಷೆಗೆ ಹೇಳ್ತಿದ್ದರು, ಯೋಗ್ಯಕಾರ್ತಾ ಕಡೆಯವರ ಅಡುಗೆಯೆಲ್ಲ ಸಿಹಿ ಸಿಹಿ, ನಮ್ಮದು ಖಾರ ಅಂತ. ಧಾರವಾಡದವರು ನಮ್ಮನ್ನ ಆಡಿಕೊಂಡ ಹಾಗೇ ಇತ್ತು :-)

ಸಸ್ಯಾಹಾರಿಯಾದ ನನಗೆ ಅಲ್ಲಿ ದಿಕ್ಕಾಗಿದ್ದು ರಸ್ತೆ ಬದಿಯ 'ವಾರುಂಗ್' ಅನ್ನೋ ಪುಟ್ಟ ಹೋಟೆಲುಗಳು. ಸೋಯಾ ಕಾಳನ್ನ ಹುದುಗು ಬರಿಸಿ ಮಾಡೋ ತೆಂಪೆ, ಬೇಯಿಸಿದ ಸೊಪ್ಪು ತರಕಾರಿ ಮೇಲೆ ಕಡಲೇಕಾಯಿ ಚಟ್ನಿ ಸುರಿದು ಕೊಡೋ ಪೆಚೆಲ್, ಅನ್ನ, ಜೊತೆಗೆ ಸಂಬಾಲ್. ಸಂಬಾಲ್ ಅಂದ್ರೆ ಕಲ್ಲಲ್ಲಿ ಅರೆದ ಮೆಣಸಿನಕಾಯಿ ಚಟ್ನಿ. ಅದರಲ್ಲಿ ತೆರಾಸಿ ಅಂತ ಸಿಗಡಿ ಮೀನಿನ ಪೇಸ್ಟ್ ಹಾಕಿಬಿಡ್ತಾರೆ. ಹಾಗಾಗಿ ನಾನು ಕಲಿತ ಮೊದಲ ಇಂಡೋನೇಷ್ಯನ್ ಮಾತೇ "ತಾನ್ಪಾ ತೆರಾಸಿ", ತೆರಾಸಿ ಬೇಡ ಅಂತ. ಒಂದು ಸಲ 'ರುಜಾಕ್' ಅಂದ್ರೆ ಹಣ್ಣಿನ ಕೋಸಂಬರಿ ಅಂತ ಗೊತ್ತಿದ್ದರಿಂದ ಧೈರ್ಯವಾಗಿ 'ರುಜಾಕ್ ಚಿಂಗೂರ್' ಆರ್ಡರ್ ಮಾಡಿದ್ದೆ. ಪಕ್ಕದ ಸಹೋದ್ಯೋಗಿ ಕೈ ಹಿಡಿದು ತಡೆದ. ಚಿಂಗೂರ್ ಅಂದ್ರೆ ಹಸುವಿನ ಮೂತಿಯಂತೆ!

ಅಲ್ಲಿ ಖಾರಕ್ಕೆ 'ಪೆಡಾಸ್' ಅಂತಾರೆ. ನಮ್ಮ ಪೆಡಸು ನೆನಪಾಗಿ ನಗು ಬರ್ತಿತ್ತು. ಮೆಣಸಿನಕಾಯಿಗೆ 'ಚಾಬೆ'. ಇದರ ಕತೆ ಚೆನ್ನಾಗಿದೆ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದಿದ್ದು, 16ನೇ ಶತಮಾನದಲ್ಲಿ ಪೋರ್ಚುಗೀಸರ ಕೈಯಲ್ಲಿ ಗೋವಾ ಕಡೆಯಿಂದ ನಮಗೆ ಸಿಕ್ಕಿದ್ದು. ಅದಕ್ಕೆ ಮೊದಲು ನಮ್ಮಲ್ಲಿ ಖಾರ ಅಂದ್ರೆ ಕಾಳುಮೆಣಸು. ಹೊಸ ಕಾಯಿ ಬಂದಾಗ ಹಳೇ ಮೆಣಸಿನ ಹೆಸರನ್ನೇ ಅಂಟಿಸಿ 'ಮೆಣಸಿನಕಾಯಿ' ಅಂದೆವು. ಜಾವಾದವರೂ ಅದನ್ನೇ ಮಾಡಿದ್ದಾರೆ. ಚಾಬೆ ಅನ್ನೋದು ಅವರ ಕಡೆಯ ಹಿಪ್ಪಲಿಯಂಥ ಉದ್ದಮೆಣಸಿನ ಹಳೇ ಹೆಸರು. ಅದನ್ನ ಹೊಸಬನಿಗೆ ಕೊಟ್ಟು, ಹಳಬನನ್ನ ಈಗ 'ಚಾಬೆ ಜಾವಾ' ಅಂತ ಕರೀತಾರೆ.

ವಾಪಸ್ ಬರುವಾಗ ಒಂದು 'ಚೋಬೆಕ್' ತಂದೆ. ಕಪ್ಪು ಕಲ್ಲಿನ ಅಗಲವಾದ ತಟ್ಟೆಯಂಥ ಒರಳು, ಜೊತೆಗೊಂದು ಬಾಗಿದ ಗುಂಡು. ಏಳು ಕೆಜಿ. ಏರ್‌ಪೋರ್ಟಲ್ಲಿ ಸಾಕಷ್ಟು ಮಾತು ಕೇಳಿದ್ದಾಯ್ತು. ಮನೇಲಿ ಅಮ್ಮ ನೋಡಿ, "ನಮ್ಮ ಮನೇಲಿ ಕಲ್ಲಿರ್ಲಿಲ್ವೇನೋ?" ಅಂದು ಅದನ್ನ ತಾರಸಿ ಮೇಲೆ ಕಾಗೆ ಗುಬ್ಬಚ್ಚಿಗೆ ನೀರಿಡೋಕೆ ಇಟ್ಟುಕೊಂಡಳು. ಹತ್ತು ವರ್ಷ ಅದು ಅಲ್ಲೇ ಇತ್ತು.

ಇನ್ನು ಹೇಳಬೇಕಾದ ವಿಷಯಕ್ಕೆ ಬರ್ತೀನಿ.

2021ರ ಏಪ್ರಿಲ್ ಕೊನೆಯಲ್ಲಿ, ಎರಡನೇ ಅಲೆಯಲ್ಲಿ, ನಮ್ಮ ಮನೆಯಲ್ಲಿ ಎಲ್ಲರಿಗೂ ಜ್ವರ ಬಂತು. ಮೇ ತಿಂಗಳಲ್ಲಿ ಅಮ್ಮ ಹೋದಳು. ಆ ದಿನಗಳ ಬಗ್ಗೆ ಜಾಸ್ತಿ ಬರೆಯಲ್ಲ. ಆಗ ಈ ಊರಲ್ಲಿದ್ದವರಿಗೆ ಎಲ್ಲಾ ಗೊತ್ತು.

ಅದಾದ ಮೇಲೆ ಅಪ್ಪ ಊಟ ಬಿಟ್ಟರು. ಬಿಟ್ಟರು ಅಂದ್ರೆ ಉಪವಾಸ ಅಲ್ಲ. ತಟ್ಟೆ ಮುಂದೆ ಕೂರ್ತಿದ್ದರು, ಎರಡು ತುತ್ತು ತಿಂದು ಕೈ ತೊಳೀತಿದ್ದರು. "ಚೆನ್ನಾಗಿಲ್ವಾ?" ಅಂದ್ರೆ "ಚೆನ್ನಾಗಿದೆ" ಅಂತಿದ್ದರು. ಒಂದೂವರೆ ತಿಂಗಳಲ್ಲಿ ಆರು ಕೆಜಿ ಇಳಿದರು. ನಲವತ್ತೇಳು ವರ್ಷದ ಸಂಸಾರ, ದುಃಖ ಇರಲ್ವಾ ಅಂತ ನಾವು ಸುಮ್ಮನಿದ್ದೆವು. ಬಂದು ಹೋಗೋರೂ ಅದನ್ನೇ ಹೇಳ್ತಿದ್ದರು.

ಜೂನಲ್ಲಿ ಒಂದು ದಿನ ನಾನು ಮೀಟಿಂಗಲ್ಲಿದ್ದೆ, ನನ್ನ ಹೆಂಡತಿ ತಾರಸಿ ಮೇಲಿದ್ದಳು. ಒಲೆ ಮೇಲಿಟ್ಟಿದ್ದ ಹಾಲು ಉಕ್ಕಿ, ಬತ್ತಿ, ಸೀದು ಕರಕಲಾಗಿತ್ತು. ಮೇಲಿನ ರೂಮಿಗೇ ಸೀದ ವಾಸನೆ ಬಂದು ಓಡಿ ಬಂದರೆ, ಅಡುಗೆಮನೆಯಿಂದ ಹತ್ತಡಿ ದೂರದಲ್ಲಿ ಅಪ್ಪ ಪೇಪರ್ ಓದ್ತಾ ಕೂತಿದ್ದಾರೆ.

"ಅಪ್ಪಾ, ವಾಸನೆ ಬರ್ಲಿಲ್ವಾ?"

ಅವರು ಪೇಪರ್ ಮಡಚಿ ಇಟ್ಟು ಮೆಲ್ಲಗೆ ಹೇಳಿದರು, "ನನಗೆ ಏಪ್ರಿಲ್‌ನಿಂದ ಯಾವ ವಾಸನೇನೂ ಬರ್ತಿಲ್ಲ ಕಣೋ. ಅವಳೇ ಹೋದ್ಮೇಲೆ ಇದನ್ನೇನು ಹೇಳೋದು ಅಂತ ಸುಮ್ಮನಿದ್ದೆ."

ಎರಡು ತಿಂಗಳು! ದುಃಖ ಅಂತ ನಾವಂದುಕೊಂಡಿದ್ದು ಅರ್ಧ ಮೂಗಿನ ಕತೆ. ಅಥವಾ ಮೂಗಿನ ಕತೆಯೊಳಗೆ ದುಃಖ. ಎರಡನ್ನೂ ಬಿಡಿಸಿ ನೋಡೋದು ಇವತ್ತಿಗೂ ನನಗೆ ಬಂದಿಲ್ಲ.

ಡಾಕ್ಟರ್ ಬಿಡಿಸಿ ಹೇಳಿದರು. ನಾವು ರುಚಿ ಅನ್ನೋದರಲ್ಲಿ ದೊಡ್ಡ ಪಾಲು ಮೂಗಿನದಂತೆ. ನಾಲಿಗೆಗೆ ಗೊತ್ತಾಗೋದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಉಮಾಮಿ ಅನ್ನೋ ಇನ್ನೊಂದು, ಇಷ್ಟೇ. ಇಂಗು, ಕರಿಬೇವು, ಕಾಫಿ, ತುಪ್ಪ ಇವೆಲ್ಲ ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಹೋಗಿ ಗೊತ್ತಾಗೋದು. ಆ ದಾರಿ ಮುಚ್ಚಿದರೆ ಕಾಫಿ ಅಂದ್ರೆ ಬಿಸಿ ಕಹಿ ನೀರು. ಮೂಗಿಗೆ ಒಂದು ವ್ಯಾಯಾಮ ಹೇಳಿಕೊಟ್ಟರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಇವು ನಾಲ್ಕನ್ನ ದಿನಕ್ಕೆರಡು ಸಲ, ಒಂದೊಂದನ್ನೂ ಸ್ವಲ್ಪ ಹೊತ್ತು ಮೂಸಬೇಕು. ತಿಂಗಳುಗಟ್ಟಲೆ. ಗ್ಯಾಸ್ ಲೀಕಾದರೂ ಗೊತ್ತಾಗಲ್ಲ, ಒಬ್ಬರೇ ಇದ್ದಾಗ ಒಲೆ ಹಚ್ಚಬೇಡಿ ಅಂತಲೂ ಎಚ್ಚರಿಸಿದರು.

ಗುಲಾಬಿ ನಿಂಬೆಗೇನು, ಗಾಂಧಿ ಬಜಾರ್ ಪಕ್ಕದಲ್ಲೇ ಇದೆ. ಅಪ್ಪ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ನಾಲ್ಕು ಡಬ್ಬಿ ಮುಂದಿಟ್ಟುಕೊಂಡು ಕೂರ್ತಿದ್ದರು. ಸ್ವಲ್ಪ ದಿನಕ್ಕೆ ಅವರೇ ಐದನೇದೊಂದು ಸೇರಿಸಿದರು. ಅಮ್ಮನ ಸಾರಿನ ಪುಡಿ. ಆ ವರ್ಷದ ಯುಗಾದಿಗೆ ಮುಂಚೆ ಮಾರ್ಚಲ್ಲಿ ಹುರಿದು ಮಾಡಿಸಿದ್ದು, ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಅರ್ಧದಷ್ಟು ಉಳಿದಿತ್ತು. ಅದನ್ನ ಅಡುಗೆಗೆ ಹಾಕೋಕೆ ನನ್ನ ಹೆಂಡತಿಗೆ ಮನಸ್ಸು ಬರಲಿಲ್ಲ. ಆದರೆ ಸಾರಿನ ಪುಡಿ ಎಷ್ಟು ದಿನ ಘಮ ಹಿಡಿದುಕೊಂಡಿರುತ್ತೆ? ಒಂದು ವರ್ಷ ಅಂದ್ರೇ ಹೆಚ್ಚು. ಆ ಕಡೆ ಪುಡಿಯ ವಾಸನೆ ದಿನಾ ಇಳೀತಿತ್ತು, ಈ ಕಡೆ ಅಪ್ಪನ ಮೂಗು ಬರಬೇಕಿತ್ತು. ನನಗೆ ಒಳಗೊಳಗೇ ಅದೇ ಚಿಂತೆ.

ಅಲ್ಲಿಯವರೆಗೆ ಊಟ ಸೇರಬೇಕಲ್ಲ! ಹೋಟೆಲುಗಳು ಮತ್ತೆ ತೆಗೆದ ಮೇಲೆ ಹೊರಗೆ ಕರ್ಕೊಂಡು ಹೋಗೋಣ ಅಂತ ಹೊರಟೆ. ಅತ್ತೆ ಫೋನಲ್ಲಿ ಬೈದರು, "ವರ್ಷಾಂತಿಕ ಕೂಡ ಆಗಿಲ್ಲ, ಹೋಟೆಲ್ಲಿಗೆ ಹೋಗ್ತಿದೀರಾ?" ಅಪ್ಪ ಫೋನ್ ತಗೊಂಡು, "ಮನೇಲಿ ತಿಂದ್ರೂ ಗೊತ್ತಾಗಲ್ಲ, ಹೋಟೆಲಲ್ಲಿ ತಿಂದ್ರೂ ಗೊತ್ತಾಗಲ್ಲ, ದೋಷ ಎಲ್ಲಿಂದ ಬರುತ್ತೆ?" ಅಂದರು. ಎಷ್ಟೋ ದಿನದ ಮೇಲೆ ಅವರ ಬಾಯಲ್ಲಿ ಕೇಳಿದ ಮೊದಲ ತಮಾಷೆ ಅದು.

ಮೊದಲು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇರೋ ಅಂಗಡಿ, ಇಡ್ಲಿ ವಡೆಗೆ ಸಾಂಬಾರ್ ಇಲ್ಲ, ಚಟ್ನಿ ಒಂದೇ. ಅಪ್ಪ ಮೂರು ಮೂರು ಸಲ ಚಟ್ನಿ ಹಾಕಿಸಿಕೊಳ್ಳೋ ಜಾಗ. ಅವತ್ತು ನಿಂತುಕೊಂಡು ಒಂದು ಇಡ್ಲಿ ತಿಂದು, "ಮೆತ್ತಗಿದೆ" ಅಂದರು. ಕಾಫಿ ಕುಡಿದು, "ಬಿಸಿ ಇದೆ" ಅಂದರು. ಅಷ್ಟೇ.

ಆಮೇಲೆ ವಿದ್ಯಾರ್ಥಿ ಭವನ. 1943ರ ಹೋಟೆಲ್ಲು, ಅಪ್ಪ ಅಮ್ಮ ಮದುವೆಯಾದ ಹೊಸತರಲ್ಲಿ ಬರ್ತಿದ್ದಿದ್ದು. ತಟ್ಟೆ ಮೇಲೆ ತಟ್ಟೆ ಜೋಡಿಸಿಕೊಂಡು ಬರೋ ಮಾಣಿಯನ್ನ ನೋಡಿ ಅಪ್ಪನ ಮುಖ ಅರಳಿತು. ದೋಸೆ ಮುರಿದಾಗ ಬಂದ ಸದ್ದು ಕೇಳಿಸಿಕೊಂಡು, "ಗರಿಗರಿ ಇದೆ" ಅಂದರು. ತುಪ್ಪ, ಪಲ್ಯ, ಚಟ್ನಿ ಬಗ್ಗೆ ಮಾತಿಲ್ಲ. ಅರ್ಧ ದೋಸೆ ಉಳಿಯಿತು. ವಿದ್ಯಾರ್ಥಿ ಭವನದಲ್ಲಿ ಅಪ್ಪ ದೋಸೆ ಉಳಿಸಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಚಾಮರಾಜಪೇಟೆಯ ಕರ್ನಾಟಕ ಭೇಲ್ ಹೌಸಲ್ಲಿ ಮಸಾಲೆಪುರಿ, ಖಾರ ಜಾಸ್ತಿ ಹಾಕಿಸಿ. ಅಲ್ಲಿ ಮೊದಲ ಸಲ ಹುಬ್ಬು ಸ್ವಲ್ಪ ಮೇಲೆ ಹೋಯ್ತು. ವಿವಿ ಪುರಂ ತಿಂಡಿಬೀದಿಯಲ್ಲಿ ಮೆಣಸಿನಕಾಯಿ ಬಜ್ಜಿ. ಬಜ್ಜಿ ಮೆಣಸಿನಕಾಯಿ ಎಲ್ಲಿ ಖಾರ ಇರುತ್ತೆ ಹೇಳಿ, ಏನೂ ಆಗಲಿಲ್ಲ. ತಂಗಿ ಮನೆಗೆ ಹೋದಾಗ ಮಲ್ಲೇಶ್ವರದ ಸಿಟಿಆರ್ ಬೆಣ್ಣೆ ದೋಸೆ. "ಬೆಣ್ಣೆ ಜಾರುತ್ತೆ ಬಾಯಲ್ಲಿ" ಅಂದರು. ನನಗೆ ಅಳು ಬರೋದೊಂದು ಬಾಕಿ.

ಸೆಪ್ಟೆಂಬರಲ್ಲಿ ಒಂದು ಮಧ್ಯಾಹ್ನ ಗಾಂಧಿನಗರದಲ್ಲಿ ಕೆಲಸ ಮುಗಿಸಿ ಹತ್ತಿರ ಸಿಕ್ಕ ಆಂಧ್ರ ಮೆಸ್ಸಿಗೆ ಹೊಕ್ಕೆವು. ಪಪ್ಪು, ಗೋಂಗುರ, ಬೇಳೆಪುಡಿ, ಅದರ ಮೇಲೆ ಎಣ್ಣೆ. ಎರಡನೇ ತುತ್ತಿಗೆ ಅಪ್ಪ "ಹಾ!" ಅಂದರು. ನೀರು ಕುಡಿದರು. ಮತ್ತೆ ಕಲಸಿದರು. ಎಲೆ ಪೂರ್ತಿ ಖಾಲಿ ಮಾಡಿದರು! "ಇದೊಂದು ಗೊತ್ತಾಯ್ತು ಕಣೋ" ಅಂದರು. ಮೂಗೇ ಇಲ್ಲದ ಮೇಲೆ ಇದು ಹೇಗೆ ಗೊತ್ತಾಯ್ತು ಅಂತ ಇಬ್ಬರಿಗೂ ತಿಳೀಲಿಲ್ಲ.

ಉತ್ತರ ಪೇಪರಲ್ಲೇ ಬಂತು. ಅಕ್ಟೋಬರ್ 4ಕ್ಕೆ ಆ ವರ್ಷದ ವೈದ್ಯಕೀಯ ನೊಬೆಲ್ ಪ್ರಕಟವಾಗಿತ್ತು, ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಷಿಯನ್ ಅವರಿಗೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅನ್ನೋ ಅಂಶ ಹಿಡ್ಕೊಂಡು ಜೂಲಿಯಸ್ ತಂಡ 1997ರಲ್ಲಿ ನರದಲ್ಲಿರೋ ಒಂದು ಪುಟ್ಟ ಬಾಗಿಲನ್ನ ಪತ್ತೆ ಮಾಡಿತ್ತಂತೆ. ಅದು ಬಿಸಿ ಗುರುತಿಸೋ ಬಾಗಿಲು. ಸುಮಾರು 43 ಡಿಗ್ರಿಗಿಂತ ಹೆಚ್ಚು ಬಿಸಿ ತಾಗಿದಾಗ ತೆರೆದುಕೊಳ್ಳುತ್ತೆ. ಮೆಣಸಿನಕಾಯಿ ತಗುಲಿದರೂ ಅದೇ ಬಾಗಿಲು ತೆರೆಯುತ್ತೆ, ಮಿದುಳು ಬಾಯಿ ಸುಡ್ತಿದೆ ಅಂತ ತಿಳ್ಕೊಳ್ಳುತ್ತೆ. ಅಪ್ಪ ಪೇಪರ್ ಹಿಡ್ಕೊಂಡು ಬಂದು, "ಖಾರ ರುಚಿಯೇ ಅಲ್ಲವಂತೆ ಕಣೋ! ಅದು ಮುಖದ ನರದಲ್ಲಿ ಬೇರೆ ದಾರೀಲಿ ಹೋಗುತ್ತಂತೆ. ಮೂಗಿನ ಹಂಗೇ ಇಲ್ಲ!" ಅಂದರು. ಷಡ್ರಸದಲ್ಲಿ ಕಟು ಅಂತ ಒಂದನ್ನ ಸೇರಿಸಿದ್ದ ನಮ್ಮ ಹಿರಿಯರು ಈಗ ಏನಂತಾರೋ. ಆದರೆ ನಾವು "ಬಾಯಿ ಉರೀತಿದೆ" ಅಂತೀವಲ್ಲ, ಆ ಮಾತು ಪೂರ್ತಿ ಸರಿ ಅಂತಾಯ್ತು.

ಅವತ್ತೇ ನನಗೆ ಸುರಬಾಯಾ ನೆನಪಾಗಿದ್ದು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ರಾಜ, ಖಾರಕ್ಕೆ ಸಾಧು. ಖಾರ ಅಳೆಯೋ ಸ್ಕೋವಿಲ್ ಲೆಕ್ಕದಲ್ಲಿ ಅದು 15 ಸಾವಿರ ದಾಟೋದು ಕಷ್ಟ. ಗುಂಟೂರಿನದು 35-40 ಸಾವಿರ. ಜಾವಾದವರ 'ಚಾಬೆ ರಾವಿಟ್', ಬೆರಳ ಗೆಣ್ಣಿನಷ್ಟು ಚಿಕ್ಕದು, 50 ಸಾವಿರದಿಂದ ಲಕ್ಷದವರೆಗೆ ಹೋಗುತ್ತೆ. ನೊಬೆಲ್ ಬಾಗಿಲನ್ನ ಒದ್ದು ತೆಗೀಬೇಕು ಅಂದ್ರೆ ಇದೇ ಸರಿ!

ಊರಿನ ಆ ಕಡೆ ಆಗ್ನೇಯ ಏಷ್ಯಾದ ಅಡುಗೆ ಮಾಡೋ ಒಂದು ಹೋಟೆಲ್ಲಿದೆ, ಇಂಡೋನೇಷ್ಯನ್ನೂ ಸಿಗುತ್ತೆ ಅಂತ ಗೆಳೆಯ ಹೇಳಿದ್ದ. ಭಾನುವಾರ ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಲ್ಲಿ ಬದಲಿಸಿ, ಆಮೇಲೆ ಆಟೋ. ಪಂಚೆ ಉಟ್ಟ ಅಪ್ಪ, ಮಾಸ್ಕು, ಒಳಗೆ ಮಂದ ಬೆಳಕು. ಮೊದಲು ಬಂದ ನಾಸಿ ಗೋರೆಂಗ್ ತಿಂದು ನಾನು ತಲೆ ಚಚ್ಚಿಕೊಂಡೆ. ಸಿಹಿ! ಅವರ ಕೆಚಪ್ ಮಾನಿಸ್ ಅನ್ನೋ ಸಿಹಿ ಸೋಯಾ ಸಾಸನ್ನ ಧಾರಾಳವಾಗಿ ಸುರಿದಿದ್ದರು. ಅಷ್ಟು ದೂರ ಹೋದರೂ ಬಸವನಗುಡಿ ಬೆನ್ನು ಬಿಡಲಿಲ್ಲ. ಸಂಬಾಲ್ ಕೇಳಿದರೆ ಬಾಟಲಿ ಸಾಸ್ ತಂದಿಟ್ಟರು.

ಅಡುಗೆಯವರನ್ನ ಕರೀರಿ ಅಂದೆ. ಬಂದವನಿಗೆ ಜಂಬದಿಂದ ಇಂಡೋನೇಷ್ಯನ್ ಭಾಷೆಯಲ್ಲಿ "ಸಂಬಾಲ್ ತಾನ್ಪಾ ತೆರಾಸಿ, ಪೆಡಾಸ್" ಅಂದರೆ ಹುಡುಗ ಕಣ್ಣು ಕಣ್ಣು ಬಿಟ್ಟ. ಮಣಿಪುರದವನಂತೆ :-) ಹಿಂದಿಯಲ್ಲಿ ಅಪ್ಪನ ಕತೆ ಹೇಳಿದೆ. ಸ್ವಲ್ಪ ಹೊತ್ತು ಅಪ್ಪನನ್ನೇ ನೋಡಿ, "ಮೀನು ಹಾಕಲ್ಲ, ನಮ್ಮನೆಯವರಿಗೆ ಮಾಡೋ ಹಾಗೆ ಮಾಡಿ ತರ್ತೀನಿ" ಅಂದು ಒಳಗೆ ಹೋದ. ಹತ್ತು ನಿಮಿಷಕ್ಕೆ ಒಂದು ಪುಟ್ಟ ಬಟ್ಟಲಲ್ಲಿ ಕೆಂಪಗೆ, ತರಿತರಿಯಾಗಿ, ಹೊಸದಾಗಿ ಜಜ್ಜಿದ್ದು ಬಂತು. ಜೊತೆಗೆ ಬಿಳಿ ಅನ್ನ.

ಅಪ್ಪ ಅನ್ನಕ್ಕೆ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಸುಮ್ಮನೆ ಕೂತರು. ಆಮೇಲೆ ಕಿವಿ ಕೆಂಪಾಯ್ತು, ಹಣೆ ಬೆವರಿತು, ಕಣ್ಣಲ್ಲಿ, ಮೂಗಲ್ಲಿ ಧಾರಾಕಾರ.

"ಬಂತು" ಅಂದರು.

"ಏನಪ್ಪಾ ಬಂತು?"

"ಏನೋ ಒಂದು ಬಂತು ಬಿಡು."

ಇನ್ನೊಂದು ತುತ್ತು. ಮತ್ತೊಂದು. ಕಣ್ಣೀರು ಒರೆಸಿಕೊಳ್ಳಲೇ ಇಲ್ಲ. ಅಮ್ಮ ಹೋದ ದಿನದಿಂದ ಅವತ್ತಿನವರೆಗೆ ಅಪ್ಪ ಅತ್ತಿದ್ದನ್ನ ನಾನು ನೋಡಿರಲಿಲ್ಲ. ಅದು ಖಾರಕ್ಕೆ ಬಂದ ನೀರು ಅಂತ ಅವರೂ ಅಂದುಕೊಂಡರು, ನಾನೂ ಅಂದುಕೊಂಡೆ. ಕೊನೆಗೆ ವೇಟರ್ ಕರೆದು, "ಒಂದು ಲೋಟ ಮಜ್ಜಿಗೆ ಕೊಡಪ್ಪ" ಅಂದರು. ಅಲ್ಲಿ ಮಜ್ಜಿಗೆ ಎಲ್ಲಿಂದ ಬರಬೇಕು! ಖಾರದ ಅಂಶ ನೀರಲ್ಲಿ ಕರಗಲ್ಲ, ಹಾಲು ಮೊಸರಿಗೆ ಬಗ್ಗುತ್ತೆ. ಮಣಿಪುರದ ಹುಡುಗನೇ ಒಳಗಿಂದ ಒಂದು ಲೋಟ ಹಾಲು ತಂದುಕೊಟ್ಟ, ಬಿಲ್ಲಿಗೆ ಹಾಕಲಿಲ್ಲ.

ಮನೆಗೆ ಬಂದವನು ತಾರಸಿಗೆ ಹೋಗಿ ಚೋಬೆಕ್ಕನ್ನ ತೊಳೆದು ತಂದೆ. ಗುಬ್ಬಚ್ಚಿಗೆ ಮಣ್ಣಿನ ಬಟ್ಟಲಿಟ್ಟೆ. ಮಲೆನಾಡಿನ ಗೆಳೆಯನೊಬ್ಬ ಜೀರಿಗೆ ಮೆಣಸು ಕಳಿಸಿಕೊಟ್ಟ. ಸೂಜಿಮೆಣಸು ಅಂತಲೂ ಅಂತಾರಲ್ಲ, ಚಾಬೆ ರಾವಿಟ್‌ನ ದಾಯಾದಿಯೇ ಅದು. ಅದಕ್ಕೆ ಸಣ್ಣ ಈರುಳ್ಳಿ, ಟೊಮ್ಯಾಟೊ, ಉಪ್ಪು, ಚೂರು ಬೆಲ್ಲ, ಕೊನೆಗೆ ನಿಂಬೆರಸ. ಅರೀತಾ ಅರೀತಾ ಉತ್ತರ ಕರ್ನಾಟಕದ ರಂಜಕವೂ ಇದೂ ಎಷ್ಟು ಹತ್ತಿರ ಅನ್ನಿಸ್ತು. ದಿನಾ ಮಧ್ಯಾಹ್ನ ಅರ್ಧ ಚಮಚ ಸಂಬಾಲ್, ಪಕ್ಕದಲ್ಲಿ ಮೊಸರು. ಇದರಿಂದ ಮೂಗು ವಾಸಿಯಾಗಲ್ಲ, ಹೊಟ್ಟೆ ನೋಡಿಕೊಳ್ಳಿ ಅಂತ ಡಾಕ್ಟರ್ ಹೇಳಿದರು, ನಿಜ. ಆದರೆ ಅಪ್ಪ ತಟ್ಟೆ ಮುಂದೆ ಕೂರೋಕೆ ಒಂದು ಕಾರಣ ಸಿಕ್ಕಿತ್ತು. ಡಿಸೆಂಬರ್ ಹೊತ್ತಿಗೆ ಮೂರು ಕೆಜಿ ವಾಪಸ್ ಬಂತು.

ಡಿಸೆಂಬರ್ ಅಂದ್ರೆ ಅವರೆಕಾಯಿ. ಗಾಂಧಿ ಬಜಾರಿಂದ ಎರಡು ಕೆಜಿ ತಂದು ಹಾಲಲ್ಲಿ ಸುರಿದುಕೊಂಡು ಎಲ್ಲರೂ ಬಿಡಿಸ್ತಾ ಕೂತಿದ್ದೆವು. ಅಪ್ಪ ಇದ್ದಕ್ಕಿದ್ದ ಹಾಗೆ ತಮ್ಮ ಬೆರಳನ್ನ ಮೂಗಿನ ಹತ್ತಿರ ತಗೊಂಡು ಹೋದರು. ಇನ್ನೊಂದು ಕೈ ಮೂಸಿದರು.

"ಸೊಗಡು" ಅಂದರು.

ಯಾರೂ ಮಾತಾಡಲಿಲ್ಲ. ಅಪ್ಪ ಎದ್ದು ದೇವರ ಮನೆ ಪಕ್ಕದಲ್ಲಿಟ್ಟಿದ್ದ ಹಾರ್ಲಿಕ್ಸ್ ಬಾಟಲಿ ತಂದು ಮುಚ್ಚಳ ತೆಗೆದು ಬಹಳ ಹೊತ್ತು ಮೂಸಿದರು. ಆಮೇಲೆ, "ಈ ಸಲ ಮೆಂತ್ಯ ಸ್ವಲ್ಪ ಮುಂದಾಗಿದೆ" ಅಂದರು. ಪ್ರತಿ ವರ್ಷ ಅಮ್ಮನಿಗೆ ಹೇಳ್ತಿದ್ದ ತಕರಾರು ಅದು. ಪ್ರತಿ ವರ್ಷ ಅವಳು, "ಮುಂದಿನ ಸಲ ನೀವೇ ಹುರೀರಿ" ಅಂತಿದ್ದಳು.

ನಾನೂ ಬಾಟಲಿ ತಗೊಂಡು ಮೂಸಿದೆ. ಸತ್ಯ ಹೇಳಬೇಕು ಅಂದ್ರೆ, ನನಗೆ ಬರೀ ಧೂಳಿನ ಹಾಗೆ ಅನ್ನಿಸ್ತು. ದಿನಕ್ಕೆರಡು ಸಲ ಮುಚ್ಚಳ ತೆಗೆದು ತೆಗೆದು ಅದರ ಘಮ ಹೋಗಿತ್ತು. ಅಪ್ಪನಿಗೆ ಬಂದಿದ್ದು ಮೆಂತ್ಯದ ವಾಸನೆಯೋ, ನೆನಪೋ? ನಾನು ಕೇಳಲಿಲ್ಲ. ಇಂಡೋನೇಷ್ಯನ್ ಭಾಷೆಯಲ್ಲಿ ರುಚಿಗೆ 'ರಾಸ' ಅಂತಾರೆ, ಅನ್ನಿಸೋದಕ್ಕೂ 'ರಾಸ' ಅಂತಲೇ ಅಂತಾರೆ. ನಮ್ಮ ರಸವೇ ಅದು. ಅವತ್ತು ರಾತ್ರಿ ಆ ಪುಡಿ ಹಾಕಿ ಸಾರು ಮಾಡಿಸಿದೆವು, ಎರಡು ಚಮಚ ಜಾಸ್ತಿ ಹಾಕಿ. ಅಪ್ಪ ಎರಡು ಸಲ ಹಾಕಿಸಿಕೊಂಡರು.

ಎಲ್ಲಾ ಒಂದೇ ಸಲ ಸರಿಹೋಗಲಿಲ್ಲ. ಮುಂದಿನ ನಾಲ್ಕೈದು ತಿಂಗಳು ಕಾಫಿ ಅವರಿಗೆ ಸುಟ್ಟ ರಬ್ಬರಿನ ವಾಸನೆ ಬರ್ತಿತ್ತು. ನರ ಮತ್ತೆ ಜೋಡಣೆಯಾಗುವಾಗ ಹಾಗಾಗುತ್ತಂತೆ. ಮಲ್ಲಿಗೆ ವಾಸನೆ ಇವತ್ತಿಗೂ ಪೂರ್ತಿ ಬರಲ್ಲ. ಆದರೆ ವಿದ್ಯಾರ್ಥಿ ಭವನದಲ್ಲಿ ಈಗ ದೋಸೆ ಉಳಿಯಲ್ಲ, ಮತ್ತೆ ಮನೇಲಿ ಸಂಬಾಲ್ ಮಾತ್ರ ನಿಂತಿಲ್ಲ. ಬಸವನಗುಡಿಯ ಸಾರಿನ ಪಕ್ಕ ಜಾವಾದ ಚಟ್ನಿ. ಅಮ್ಮ ಇದ್ದಿದ್ದರೆ ಏನಂತಿದ್ದಳೋ!

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನಿಮ್ಮ ಮನೇಲೂ ಯಾರಾದರೂ ವಯಸ್ಸಾದವರು ಊಟ ಸೇರಲ್ಲ ಅಂತಿದ್ದರೆ, ದುಃಖ ಅಂತಲೋ ವಯಸ್ಸು ಅಂತಲೋ ಸುಮ್ಮನಾಗಬೇಡಿ. ವಾಸನೆ ಬರ್ತಿದೆಯಾ ಅಂತ ಒಂದು ಮಾತು ಕೇಳಿ. ನಾವು ಕೇಳೋಕೆ ಎರಡು ತಿಂಗಳು ತಡ ಮಾಡಿದೆವು.

ಮತ್ತೆ, ಗಾಂಧಿ ಬಜಾರ್ ಸುತ್ತಮುತ್ತ ಒಳ್ಳೆ ಜೀರಿಗೆ ಮೆಣಸು ಎಲ್ಲಿ ಸಿಗುತ್ತೆ ಗೊತ್ತಿದ್ದರೆ ದಯವಿಟ್ಟು ಹೇಳಿ. ಮನೇಲಿ ಸ್ಟಾಕ್ ಖಾಲಿಯಾಗಿದೆ, ಅಪ್ಪ ದಿನಾ ಕೇಳ್ತಿದ್ದಾರೆ.